ಎರಡು ಚೇಂಜ್‌ಲಾಗ್‌ಗಳ ಜಗಳ ಬಿಡಿಸಿದ್ದು

ನನ್ನದೇ ತಂತ್ರಾಂಶವನ್ನು ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗೆ ಪ್ಯಾಕೇಜ್ ಮಾಡುವಾಗ ಪ್ರತಿ ಬದಲಾವಣೆಯನ್ನೂ ಎರಡು ಕಡೆ ಬರೆಯುತ್ತಿದ್ದೆ: ಮೂಲ ಯೋಜನೆಯ ಬದಲಾವಣೆಗಳ ಪಟ್ಟಿ, ಅಂದರೆ ಚೇಂಜ್‌ಲಾಗ್‌ನಲ್ಲಿ ಒಮ್ಮೆ, ಡೆಬಿಯನ್ ಫೋಲ್ಡರಿನದರಲ್ಲಿ ಮತ್ತೊಮ್ಮೆ. ಎರಡೂ ಎಂದೂ ತಾಳೆಯಾಗಲಿಲ್ಲ.

ಕೊನೆಗೆ ಕೆಲಸ ಹಂಚಿದೆ. ಬಳಕೆದಾರರಿಗೆ ಕಾಣುವ ಬದಲಾವಣೆಗಳು ಮೊದಲನೆಯದಕ್ಕೆ. ಅವಲಂಬನೆಗಳು (ಬೇಕಾಗುವ ಇತರ ತಂತ್ರಾಂಶಗಳು), ಬಿಲ್ಡ್ ನಿಯಮಗಳಂಥ ಪ್ಯಾಕೇಜಿಂಗ್ ಸಂಗತಿಗಳು ಎರಡನೆಯದಕ್ಕೆ. ಕೋಡ್ ಮುಟ್ಟದೆ ಪ್ಯಾಕೇಜ್ ಮಾತ್ರ ತಿದ್ದಿದರೆ ಆವೃತ್ತಿ ಸಂಖ್ಯೆ 1.4-1 ಹೋಗಿ 1.4-2 ಆಗುತ್ತದೆ, ಅಷ್ಟೇ; ಗೆರೆಯ ನಂತರದ ಅಂಕಿ ಪ್ಯಾಕೇಜಿನದು. ಮೊದಲು ಇದಕ್ಕೂ 1.5 ಎಂದು ಹೊಸ ಬಿಡುಗಡೆ ಮಾಡುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ!

ಇನ್ನೊಂದು ಕಾಟ ಡೆಬಿಯನ್ ಚೇಂಜ್‌ಲಾಗ್‌ನ ಪ್ರತಿ ನಮೂದಿನ ಕೊನೆಗೆ ಬರುವ ಸಹಿಯ ಸಾಲಿನದು. ಇಮೇಲ್ ಮತ್ತು ದಿನಾಂಕದ ನಡುವೆ ಎರಡು ಸ್ಪೇಸ್ ಇರಬೇಕು. ನಾನು ಒಂದೇ ಹಾಕಿದ್ದೆ; ಡೆಬಿಯನ್‌ನ ಪ್ಯಾಕೇಜ್ ಸಾಧನ ಡಿಪಿಕೆಜಿ ಗೊಣಗುತ್ತಲೇ ಇತ್ತು, ತಪ್ಪು ಕಣ್ಣಿಗೆ ಬೀಳುವಷ್ಟರಲ್ಲಿ ಸಂಜೆಯೇ ಕಳೆದಿತ್ತು. ಈಗ ಆ ಸಾಲನ್ನು ಕೈಯಿಂದ ಬರೆಯುವುದಿಲ್ಲ, ಚೇಂಜ್‌ಲಾಗ್ ಬರೆಯಲು ನೆರವಾಗುವ ಡಿಸಿಎಚ್ ಆಜ್ಞೆಗೇ ಬಿಟ್ಟಿದ್ದೇನೆ.