ಅಜ್ಜಿ ಮನೆ ಸೀಮೆಎಣ್ಣೆ ದೀಪಕ್ಕೆ ಬೆಲೆ ಕಟ್ಟಿದ್ದು

ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜಿ ಮನೆ ಪಾಲಾಗುವಾಗ ಅಟ್ಟದಿಂದ ಒಂದು ಹಸಿರು ಗಾಜಿನ ದೀಪ ಇಳಿಯಿತು. "ಇದಕ್ಕೆಷ್ಟು ಅಂತ ನೀನೇ ಹೇಳು ಮಾರಾಯ" ಅಂದರು ಸೋದರಮಾವ. ಹತ್ತು ವರ್ಷದಿಂದ ಹಳೇ ದೀಪ ಕೊಳ್ಳುತ್ತಿದ್ದೇನೆ ಅಂತ ಅವರಿಗೆ ಗೊತ್ತು.

ಎಲ್ಲರೂ ಮೊದಲು ಗಾಜು ನೋಡುತ್ತಾರೆ. ನಾನು ಬರ್ನರ್, ಅಂದರೆ ಬತ್ತಿ ಕೂರುವ ಹಿತ್ತಾಳೆ ಭಾಗ ನೋಡುತ್ತೇನೆ. ಬತ್ತಿ ಏರಿಸುವ ಪುಟ್ಟ ಚಕ್ರ ಇದೆಯಲ್ಲ, ಹೆಸರು ಹೆಚ್ಚಾಗಿ ಅದರ ಮುಖದ ಮೇಲೇ ಇರುತ್ತದೆ. ಇದರಲ್ಲಿ ಬರೀ ಕಿಲುಬು. ಅತ್ತೆ ಹುಣಸೆಹಣ್ಣು ತಂದರು, ಬೇಡ ಅಂದೆ. ಹಾಗೆ ಉಜ್ಜಿದರೆ ಹಿತ್ತಾಳೆಯ ಹಳೇ ಬಣ್ಣ ಹೋಗುತ್ತದೆ, ಬೆಲೆಯೂ ಇಳಿಯುತ್ತದೆ. ಸೋಪಿನ ನೀರಲ್ಲಿ ನೆನೆಸಿ ಹಲ್ಲುಜ್ಜುವ ಬ್ರಶ್ಶಿನಿಂದ ಮೆಲ್ಲಗೆ ತಿಕ್ಕಿದೆ. 'ಕಾಸ್ಮೊಸ್ ಬ್ರೆನ್ನರ್' ಅಂತ ಮೂಡಿತು. ಬರ್ಲಿನ್ನಿನ ವಿಲ್ಡ್ ಅಂಡ್ ವೆಸೆಲ್ ಕಂಪನಿ 1860ರ ದಶಕದಲ್ಲಿ ತಂದ ಬರ್ನರ್ ಮಾದರಿ ಅದು. ಚಪ್ಪಟೆ ಬತ್ತಿ ಒಳಗೆ ಸುತ್ತಿಕೊಂಡು ದುಂಡು ಜ್ವಾಲೆ ಕೊಡುತ್ತದೆ. ಆಮೇಲೆ ಬೇರೆಯವರೂ ಅದನ್ನೇ ಮಾಡಿದರು, ಹಾಗಾಗಿ ಹೆಸರೊಂದೇ ಸಾಲದು. ಪಕ್ಕದಲ್ಲಿ 'ಮೇಡ್ ಇನ್ ಜರ್ಮನಿ' ಅಂತಲೂ ಇತ್ತು. ಸರಕಿನ ಗುರುತುಗಳ ಬಗ್ಗೆ ಬಂದ 1887ರ ಬ್ರಿಟಿಷ್ ಕಾನೂನಿನ ನಂತರವೇ ಇದು ಹೆಚ್ಚಾಗಿ ಬಂದದ್ದು, ಹಾಗಾಗಿ ಈ ದೀಪವೂ ಬಹುಶಃ ಆಮೇಲಿನದೇ.

ಇನ್ನು ಜೋಡಣೆ. ಎಣ್ಣೆ ಬುಡ್ಡಿಯ ಕುತ್ತಿಗೆಗೆ ಹಿತ್ತಾಳೆ ಪಟ್ಟಿ ಕೂರಿಸಲು ಆಗ ಪ್ಲಾಸ್ಟರ್ ಹಾಕುತ್ತಿದ್ದರು. ಓರೆ ಮಾಡಿ ನೋಡಿದೆ. ಸೀಮೆಎಣ್ಣೆ ಕುಡಿದು ಕಂದಾದ ಗೆರೆ ಸುತ್ತಲೂ ಒಂದೇ ಸಮ ಇತ್ತು. ಆಮೇಲೆ ಅಂಟಿಸಿದ್ದಾದರೆ ಅಲ್ಲಿ ಹೊಳೆಯುವ ಗೋಂದು ಕಾಣುತ್ತದೆ. ಗಾಜಿನಲ್ಲಿ ಗುಳ್ಳೆ ಇದ್ದರೆ ಹಳೇದು ಅನ್ನುವುದನ್ನು ನಂಬಬೇಡಿ, ಈಗ ಕೈಯಲ್ಲಿ ಊದಿದ ಗಾಜಿನಲ್ಲೂ ಗುಳ್ಳೆ ಇರುತ್ತದೆ. ನಾನು ತಳದ ಅಂಚು ನೋಡುತ್ತೇನೆ. ವರ್ಷಗಟ್ಟಲೆ ಎತ್ತಿ ಇಟ್ಟಿದ್ದರೆ ಗೀರುಗಳು ದಿಕ್ಕಾಪಾಲಾಗಿರುತ್ತವೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ ಯಾರೋ ಉಜ್ಜು ಕಾಗದ ಹಿಡಿದಿದ್ದಾರೆ ಅಂತಲೇ ಅರ್ಥ.

ಸೋತದ್ದು ಚಿಮಣಿಯಲ್ಲಿ, ಅಂದರೆ ಜ್ವಾಲೆಯ ಸುತ್ತ ಕೂರುವ ಗಾಜಿನ ಕೊಳವೆಯಲ್ಲಿ. ಈ ಬರ್ನರ್‌ಗೆ ಜ್ವಾಲೆಯ ಹತ್ತಿರ ಸೊಂಟ ಹಿಂಡಿದಂಥ ಗಾಜು ಬೇಕು. ಗಾಳಿ ಅಲ್ಲಿ ಒತ್ತಿಕೊಂಡು ಜ್ವಾಲೆಗೆ ತಾಗಿದರೇ ಬೆಳಕು ಬಿಳಿಯಾಗುವುದು. ಇದಕ್ಕೆ ಯಾರೋ ಹೊಟ್ಟೆ ಉಬ್ಬಿದ ಗಾಜು ಹಾಕಿದ್ದರು. ಹಚ್ಚಿ ನೋಡಿದರೆ ಬರೀ ಹೊಗೆ.

ಅಂಗಡಿಯವರು ಹೇಳುವ ಬೆಲೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೈ ಬದಲಾದ ಬೆಲೆಯೇ ನಿಜ. ಹೋದ ವರ್ಷ ಇಂಥದ್ದೇ ಒಂದನ್ನು, ಸರಿಯಾದ ಚಿಮಣಿ ಸಮೇತ, ₹6,500ಕ್ಕೆ ಕೊಂಡಿದ್ದೆ. ಇದಕ್ಕೆ ₹4,000 ಅಂದೆ. ಮಾವ ಆ ದುಡ್ಡನ್ನು ತಮ್ಮ ಪಾಲಿನಲ್ಲಿ ಹಿಡಿದುಕೊಂಡು ದೀಪ ಇಟ್ಟುಕೊಂಡರು. ಬರ್ನರ್ ಅಳತೆ 14 ಲೈನ್ (ಬರ್ನರ್‌ಗಳ ಹಳೇ ಅಳತೆ). ಅದಕ್ಕೆ ಕೂರುವ ಚಿಮಣಿ ಹುಡುಕಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ.