ಬರೆಯಿರಿ ಎಂದಾಗ ಬಾರದ್ದು, ಹೇಳಿ ಎಂದಾಗ ಬಂತು

"ಹೆಂಗಸರು ಬಾಯಲ್ಲಿ ಹೇಳಿದ್ದನ್ನ ಹಾಗೇ ಅಚ್ಚು ಹಾಕ್ತೀರಾ? ಯಾರು ದುಡ್ಡು ಕೊಟ್ಟು ಓದ್ತಾರಮ್ಮ?" ಐದು ವರ್ಷದ ಹಿಂದೆ ಹಿರಿಯ ಪ್ರಕಾಶಕರೊಬ್ಬರು ನನ್ನನ್ನು ಹೀಗೆ ಕೇಳಿದ್ದರು. ಹೆಂಗಸರು ತಮ್ಮ ಬದುಕನ್ನು ಬಾಯಲ್ಲೇ ಹೇಳಿದ ಆ ಪುಸ್ತಕದ ಎರಡು ಮುದ್ರಣ, ಅಂದರೆ ಸುಮಾರು 900 ಪ್ರತಿ, ಖಾಲಿಯಾಗಿ ಈಗ ಮೂರನೆಯದು ಬೈಂಡಿಂಗ್‌ನಲ್ಲಿದೆ. ಸಣ್ಣ ಪ್ರಕಾಶನ ನಡೆಸುವವರಿಗೆ ಈ ಸಂಖ್ಯೆಯ ತೂಕ ಗೊತ್ತು.

ಶುರುವಿನಲ್ಲಿ ಎಲ್ಲರಂತೆ ನಾನೂ ಹೆಂಗಸರಿಂದ ಅವರ ಬದುಕಿನ ಬಗ್ಗೆ ಲೇಖನ ಆಹ್ವಾನಿಸಿದ್ದೆ. ಮೂವತ್ತರ ಹತ್ತಿರ ಬಂದವು. ಅಚ್ಚುಕಟ್ಟಾದ ಭಾಷೆ, ಒಳ್ಳೆಯ ಮಾತುಗಳು. ಬರೆದವಳು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಹೆಣ್ಣು ತ್ಯಾಗಮಯಿ, ಹೆಣ್ಣು ಸಹನಾಮೂರ್ತಿ, ಇಷ್ಟೇ. ಆದರೂ ಅವನ್ನೇ ಪುಸ್ತಕ ಮಾಡಿದೆ. ಪ್ರತಿಯೊಂದರ ಖರ್ಚು ಇಳಿಯಲಿ ಎಂದು ಆಫ್‌ಸೆಟ್‌ನಲ್ಲಿ 1,000 ಪ್ರತಿ ಹಾಕಿಸಿದ್ದು ದೊಡ್ಡ ತಪ್ಪು. ಹತ್ತಿರ ಹತ್ತಿರ 650 ಉಳಿದವು. ಎರಡು ವರ್ಷ ಬಂಡಲು ಜಾಗ ತಿಂದವು, ಕೊನೆಗೆ ರದ್ದಿಗೆ ಹೋದವು. ಹಾಕಿದ ದುಡ್ಡಿನಲ್ಲಿ ಕಾಲು ಪಾಲೂ ವಾಪಸು ಬರಲಿಲ್ಲ.

ಆಮೇಲೆ ಪ್ರಶ್ನಾವಳಿ ಹಂಚಿದೆ. "ಓದು ಬಿಟ್ಟಿದ್ದೇಕೆ?" ಎಂಬುದಕ್ಕೆ ಒಬ್ಬರು ಬರೆದಿದ್ದು ಒಂದೇ ಪದ: "ಬಿಡಿಸಿದರು." ಆ ಒಂದು ಪದದ ಹಿಂದೆ ಒಂದಿಡೀ ಪುಸ್ತಕವಿದೆ ಎಂದು ನನಗೆ ಹೊಳೆದದ್ದು ಆಗಲೇ. ಹಾಳೆಯ ಮೇಲೆ ಅದು ಬರುವುದಿಲ್ಲ ಎಂಬುದೂ ಆಗಲೇ ಗೊತ್ತಾಯಿತು.

ಹಾಗಾಗಿ ರೆಕಾರ್ಡರ್ ಹಿಡಿದು ಹೊರಟೆ. ಮೊದಲ ಮೂವತ್ತು ಗಂಟೆಯ ಧ್ವನಿ ಪೂರ್ತಿ ವ್ಯರ್ಥ. ಮನೆಮಂದಿ ಸುತ್ತ ಕೂತಿರುತ್ತಿದ್ದರು. ಹೆಂಡತಿ ಬಾಯಿ ತೆರೆದರೆ ಗಂಡ ಇಸವಿ ತಿದ್ದುತ್ತಿದ್ದ, ಮಗ "ಅದೆಲ್ಲ ಯಾಕಮ್ಮ ಈಗ" ಎನ್ನುತ್ತಿದ್ದ. 2015ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಬೆಲಾರುಸ್‌ನ ಲೇಖಕಿ ಸ್ವೆಟ್ಲಾನಾ ಅಲೆಕ್ಸಿಯೇವಿಚ್, ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ಸೋವಿಯತ್ ಹೆಂಗಸರ ಮಾತು ಸಂಗ್ರಹಿಸುವಾಗ ಇದನ್ನೇ ಕಂಡಿದ್ದರು. ನಾನು ಕಲಿಸಿಕೊಟ್ಟ ಹಾಗೆ ಹೇಳು, ಅಳು ಬೇಡ, ಹೆಂಗಸರ ಚಿಲ್ಲರೆ ವಿಷಯ ಬೇಡ ಎಂದು ಗಂಡನೊಬ್ಬ ಹೆಂಡತಿಗೆ ಹೇಳಿ ಹೋಗಿದ್ದನಂತೆ. ಅವನು ಬೇಡವೆಂದ ಆ ಚಿಲ್ಲರೆ ವಿಷಯವೇ ನನಗೆ ಬೇಕಿತ್ತು. ಆ ಹೆಂಗಸರು ಹೇಳಿದ ಕತ್ತರಿಸಿದ ಜಡೆ, ಅಳತೆಗೆ ಹೊಂದದ ಬೂಟು ಯಾವ ಯುದ್ಧದ ಇತಿಹಾಸದಲ್ಲಿ ಸಿಗುತ್ತವೆ?

ಮುಂದೆ ಮೂರು ಬದಲಾವಣೆ ಮಾಡಿದೆ. ಒಬ್ಬರೇ ಇರುವ ಹೊತ್ತಿಗೆ ಮಾತ್ರ ಹೋಗುವುದು. ಅವರ ಕೈಗೆ ಏನಾದರೂ ಕೆಲಸ ಇರುವಂತೆ ನೋಡಿಕೊಳ್ಳುವುದು, ಬಟ್ಟೆ ಮಡಚುವುದೋ ಹೊಲಿಯುವುದೋ. ಕೈ ಆಡುತ್ತಿದ್ದರೆ ಮಾತು ತಡೆಯುವುದಿಲ್ಲ. ಬದುಕಿನ ಬಗ್ಗೆ ಕೇಳದೆ ಒಂದು ವಸ್ತುವಿನ ಬಗ್ಗೆ ಕೇಳುವುದು ಮೂರನೆಯದು. ಯಾವ ವಸ್ತು, ಮೊದಲ ಪ್ರಶ್ನೆ ಯಾವುದು ಎಂಬುದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ. ನಾಲ್ಕು ವರ್ಷ ಸೋತು ಸಂಪಾದಿಸಿದ್ದು ಅದು. ನಾನು ಮಾತಾಡಿಸಿದ ಇಪ್ಪತ್ಮೂರು ಮಂದಿಯಲ್ಲಿ ಇಪ್ಪತ್ತು ಮಂದಿ ಆ ಪ್ರಶ್ನೆಗೇ ಬಾಯಿಬಿಟ್ಟರು ಎಂದಷ್ಟೇ ಹೇಳಬಲ್ಲೆ.

ಹೆಚ್ಚು ದುಡ್ಡು ತಿಂದದ್ದು ಧ್ವನಿಯನ್ನು ಬರಹಕ್ಕಿಳಿಸುವ ಕೆಲಸ. ಒಂದು ಗಂಟೆಯ ಮಾತಿಗೆ ಆರೇಳು ಗಂಟೆ ಬೇಕು. ಫೋನಿನ ತಂತ್ರಾಂಶಕ್ಕೆ ಒಪ್ಪಿಸಿ ನೋಡಿದೆ; ಆಡುಮಾತು ಬಂದ ಕೂಡಲೇ ಅದು ದಾರಿ ತಪ್ಪುತ್ತಿತ್ತು. ಟೈಪಿಸ್ಟ್ ಇಟ್ಟುಕೊಂಡೆ. ಅವರು ಒಳ್ಳೆಯ ಮನಸ್ಸಿನಿಂದಲೇ "ಹೊಯ್ತಿದ್ದ" ಎಂಬುದನ್ನೆಲ್ಲ "ಥಳಿಸುತ್ತಿದ್ದನು" ಎಂದು ತಿದ್ದಿಬಿಟ್ಟಿದ್ದರು. ಪೆಟ್ಟು ತಿಂದವಳು ಆ ವಾಕ್ಯದಿಂದ ಕಾಣೆಯಾಗಿದ್ದಳು. ಎರಡು ತಿಂಗಳ ಸಂಬಳ ಹೋಯಿತು, ಎಲ್ಲವನ್ನೂ ನಾನೇ ಮತ್ತೆ ಕೇಳಿ ಬರೆದೆ. ಇಂಗ್ಲೆಂಡಿನ ಭಕ್ತೆ ಮಾರ್ಜರಿ ಕೆಂಪ್ 15ನೇ ಶತಮಾನದಲ್ಲಿ ತನ್ನ ಕಥೆಯನ್ನು ಹೇಳಿ ಬರೆಸಿದಾಗ, ಮೊದಲನೆಯವನು ಬರೆದದ್ದನ್ನು ಓದುವುದೇ ಕಷ್ಟವಾಗಿ ಇನ್ನೊಬ್ಬರು ಮೊದಲಿನಿಂದ ಬರೆಯಬೇಕಾಯಿತು. ಆಮೇಲೆ ಅದರ ಪೂರ್ತಿ ಹಸ್ತಪ್ರತಿ ಬೆಳಕಿಗೆ ಬಂದದ್ದು 1934ರಲ್ಲಿ. ಬರೆದುಕೊಳ್ಳುವವರ ಕೈಯಲ್ಲಿ ಎಷ್ಟು ಇರುತ್ತದೆ ಎಂದು ನೆನೆದರೆ ಈಗಲೂ ಭಯವಾಗುತ್ತದೆ.

ಸಂಪಾದನೆಯಲ್ಲಿ ನನ್ನ ನಿಯಮ ಒಂದೇ. ತೆಗೆಯಬಹುದು, ಹಿಂದುಮುಂದು ಮಾಡಬಹುದು, ಒಂದು ಪದವನ್ನೂ ಸೇರಿಸಬಾರದು. ಕರಡನ್ನು ಅವರೆದುರೇ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. "ನಾನು ಇಷ್ಟು ಮಾತಾಡಿದ್ನಾ?" ಎಂದು ಅತ್ತವರಿದ್ದಾರೆ. ಒಬ್ಬರು ಪೂರ್ತಿ ಕೇಳಿ, "ಇದು ಬೇಡಮ್ಮ" ಎಂದರು. ಇಡೀ ಸಂಗ್ರಹದಲ್ಲಿ ಅದಕ್ಕಿಂತ ಒಳ್ಳೆಯ ಕಥೆ ಇರಲಿಲ್ಲ. ಪುಟ ಜೋಡಣೆ ಮುಗಿದಿತ್ತು. ತೆಗೆದೆ.

ಹೆಸರಿನ ವಿಷಯದಲ್ಲೂ ನಿರ್ಧಾರ ಅವರದೇ. ಇಂಗ್ಲೆಂಡಿನ ಲೇಖಕಿಯರಾದ ಬ್ರಾಂಟಿ ಸಹೋದರಿಯರು 1846ರಲ್ಲಿ ಸ್ವಂತ ಖರ್ಚಿನಲ್ಲಿ ಕವನ ಅಚ್ಚು ಹಾಕಿಸಿದಾಗ, ಹೆಣ್ಣೆಂದು ತಿಳಿಯದಂಥ ಹೆಸರು ಇಟ್ಟುಕೊಂಡಿದ್ದರು. ನಮ್ಮಲ್ಲಿ ಹದಿನಾರು ಮಂದಿ ಸ್ವಂತ ಹೆಸರೇ ಇರಲಿ ಎಂದರು. ಕೆಲವರು ತವರಿನ ಹೆಸರನ್ನು ಬಹಳ ವರ್ಷದ ಮೇಲೆ ಹೊರಗೆ ತೆಗೆದರು.

ನಡುವೆ ಧ್ವನಿಪುಸ್ತಕದ ಪ್ರಯೋಗವನ್ನೂ ಮಾಡಿದೆ. ರಂಗಭೂಮಿಯವರಿಂದ ಓದಿಸಿದೆ, ಚೆನ್ನಾಗಿಯೇ ಓದಿದರು, ಕೇಳುವವರು ಹತ್ತು ನಿಮಿಷಕ್ಕೆ ನಿಲ್ಲಿಸಿದರು. ಹೇಳಿದವರ ಧ್ವನಿಯನ್ನೇ, ಕೆಮ್ಮು ಮೌನಗಳ ಸಮೇತ ಕೊಟ್ಟಾಗ ಕೊನೆವರೆಗೂ ಕೇಳಿದರು. ಅದನ್ನು ಮುಂದುವರಿಸುವ ಆಸೆಯಿದೆ, ಸದ್ಯಕ್ಕೆ ಬಂಡವಾಳವಿಲ್ಲ.

ಲೆಕ್ಕಕ್ಕೆ ಬಂದರೆ, ಈ ಸಲ ಡಿಜಿಟಲ್ ಮುದ್ರಣದಲ್ಲಿ ಮೊದಲಿಗೆ 400 ಪ್ರತಿಯಷ್ಟೇ ಹಾಕಿಸಿದೆ. ಪ್ರತಿಯ ಖರ್ಚು ಆಫ್‌ಸೆಟ್‌ನ ಒಂದೂವರೆ ಪಟ್ಟು ಬಿತ್ತು. ಆದರೆ ರದ್ದಿಗೆ ಒಂದೂ ಹೋಗಲಿಲ್ಲ. ಮಾರಾಟಗಾರರು ಮುಖಬೆಲೆಯ ನೂರಕ್ಕೆ 40 ಕೇಳುತ್ತಾರೆ. ಕಥೆ ಹೇಳಿದವರಿಗೆ ತಲಾ ಐದು ಪ್ರತಿ ಕೊಟ್ಟಿದ್ದೆ. ತಿಂಗಳೊಳಗೆ ಅವರೇ ಮತ್ತೆ ತರಿಸಿಕೊಂಡು ಪರಿಚಯದವರಿಗೆಲ್ಲ ಮುಟ್ಟಿಸಿದರು. ಸುಮಾರು 250 ಪ್ರತಿ ಕಮಿಷನ್ನಿಲ್ಲದೆ ಹೋದದ್ದು ಹೀಗೆ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಪುಸ್ತಕದಲ್ಲಿರುವ ಇಪ್ಪತ್ತೆರಡು ಜನರಿಗೂ ಸಮನಾಗಿ ಹಂಚಿದೆ. ದೊಡ್ಡ ಮೊತ್ತವಲ್ಲ. ತಾನು ಹೇಳಿದ್ದಕ್ಕೆ ದುಡ್ಡು ಬರುತ್ತದೆ ಎಂಬುದನ್ನು ನಂಬಲು ಒಬ್ಬರಿಗೆ ಎರಡು ದಿನ ಬೇಕಾಯಿತು.

ಕಳೆದ ವಾರ, ಬೇಡ ಎಂದಿದ್ದವರು ಫೋನ್ ಮಾಡಿದ್ದರು. ಪುಸ್ತಕ ಯಾರದೋ ಕೈಯಿಂದ ಅವರಿಗೆ ತಲುಪಿದೆ. "ನಂದು ಅಳಿಸಿಬಿಟ್ರಾ?" ಎಂದು ಕೇಳಿದರು. ಇಲ್ಲ, ಇಟ್ಟಿದ್ದೇನೆ ಎಂದೆ. "ಹಾಗಾದ್ರೆ ಇನ್ನೊಂದ್ಸಲ ಓದಿ ಹೇಳಿ," ಎಂದರು. ಭಾನುವಾರ ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲವಂತೆ.