ಮುಖಪುಟ ಹರಿದ ಹಳೆ ಪುಸ್ತಕ ಯಾವ ಕಾಲದ್ದು ಅಂತ ಕಂಡುಹಿಡಿಯುವುದು ಹೇಗೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಹಳೆ ಮನೆ ಕೆಡವುವಾಗ ಒಂದು ತಗಡಿನ ಟ್ರಂಕು ಸಿಕ್ಕೇ ಸಿಗುತ್ತದೆ. ಒಳಗೆ ಪುರಾಣ, ವಚನ, ಮರಾಠಿ ಪಂಚಾಂಗ, ಜಾತ್ರೆಯಲ್ಲಿ ಕೊಂಡ ಪದದ ಪುಸ್ತಕ, ಯಾರದೋ ಲಗ್ನಪತ್ರಿಕೆ. ಮನೆಯವರೆಲ್ಲ "ನೂರು ವರ್ಷದ್ದು" ಅಂತಾರೆ, ಆಮೇಲೆ ರದ್ದಿಗೆ ಹಾಕ್ತಾರೆ. ಹೆಚ್ಚಿನವು ನೂರು ವರ್ಷದವಲ್ಲ. ಕೆಲವು ಮಾತ್ರ ನಿಜಕ್ಕೂ ಅಷ್ಟು ಹಳೆಯವು, ಅವನ್ನು ಬೇರೆ ಮಾಡುವುದು ಕಷ್ಟವೇನಲ್ಲ.

ಮೊದಲು ಪುಸ್ತಕದ ಹೆಸರು ಓದಬೇಡಿ. ಮುದ್ರಕರ ಸಾಲು ಹುಡುಕಿ. ಒಳಮುಖಪುಟದ ಹಿಂದೆ ಇರುತ್ತದೆ, ಅಲ್ಲಿ ಇಲ್ಲದಿದ್ದರೆ ಕೊನೆಯ ಪುಟದ ತಳದಲ್ಲಿ, ಸಣ್ಣ ಅಕ್ಷರದಲ್ಲಿ: ಇಂಥವರು, ಇಂಥ ಮುದ್ರಣಾಲಯದಲ್ಲಿ, ಇಂಥ ಊರಲ್ಲಿ ಅಚ್ಚು ಹಾಕಿ ಪ್ರಕಟಿಸಿದರು. ಇದು ಯಾರೋ ಹೆಮ್ಮೆಗೆ ಹಾಕಿಕೊಂಡ ಸಾಲಲ್ಲ. 1867ರಲ್ಲಿ, ಅಂದರೆ 1857ರ ದಂಗೆಯಾಗಿ ಹತ್ತು ವರ್ಷಕ್ಕೆ, ಬ್ರಿಟಿಷ್ ಸರಕಾರ ಒಂದು ಕಾಯ್ದೆ ತಂದಿತು. ಅಚ್ಚಾದ ಪ್ರತಿ ಪುಸ್ತಕದ ಮೇಲೆ ಮುದ್ರಕನ ಹೆಸರು, ಅಚ್ಚಾದ ಊರು ಇರಲೇಬೇಕು, ಸರಕಾರಕ್ಕೆ ಪ್ರತಿ ಕೊಡಲೇಬೇಕು. ಯಾರು ಏನು ಅಚ್ಚು ಹಾಕ್ತಿದ್ದಾರೆ ಅನ್ನೋದರ ಮೇಲೆ ಕಣ್ಣಿಡೋದಕ್ಕೆ ಮಾಡಿದ ಕಾಯ್ದೆ ಈಗ ನಮಗೆ ಉಪಕಾರವಾಗಿದೆ, ನೋಡಿ. ಈ ಕಾಯ್ದೆಯಿಂದಲೇ ಮುಂಬಯಿ ಪ್ರಾಂತ್ಯದಲ್ಲಿ ಮೂರು ತಿಂಗಳಿಗೊಮ್ಮೆ ಪುಸ್ತಕಗಳ ಪಟ್ಟಿ ಬರುತ್ತಿತ್ತು. ಅದರಲ್ಲಿ ಪುಟ ಎಷ್ಟು, ಪ್ರತಿ ಎಷ್ಟು, ಬೆಲೆ ಎಷ್ಟು, ಕಲ್ಲಚ್ಚೋ ಮೊಳೆಯಚ್ಚೋ (ಇವೆರಡರ ಗುರುತು ಮುಂದೆ ಹೇಳುತ್ತೇನೆ) ಅನ್ನೋದೂ ಇರುತ್ತಿತ್ತು. ಆಗ ನಮ್ಮ ಭಾಗ ಆ ಪ್ರಾಂತ್ಯದಲ್ಲೇ ಇದ್ದದ್ದರಿಂದ ನಮ್ಮ ಕನ್ನಡ ಪುಸ್ತಕಗಳನ್ನೂ ಅಲ್ಲೇ ಹುಡುಕಬೇಕು.

ಇಸವಿ ಸಿಕ್ಕರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ, ಅದು ಶಕೆ ಇರಬಹುದು. ಶಕೆಗೆ 78 ಕೂಡಿಸಿ. ಶಕೆ 1846 ಅಂದರೆ 1924. ಯುಗಾದಿಗೆ ಮೊದಲಿನ ಆ ಎರಡು-ಮೂರು ತಿಂಗಳಾದರೆ 79 ಕೂಡಿಸಬೇಕು. ಬರೀ ಸಂವತ್ಸರದ ಹೆಸರಿದ್ದರೆ ಸ್ವಲ್ಪ ಪೇಚು, ಯಾಕಂದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ರಕ್ತಾಕ್ಷಿ ಅಂತ ಇದ್ದರೆ 1864 ಇರಬಹುದು, 1924 ಇರಬಹುದು, 1984 ಕೂಡ ಇರಬಹುದು. (ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದದ್ದು 1924ರ ರಕ್ತಾಕ್ಷಿಯಲ್ಲಿ.) ಮೂರರಲ್ಲಿ ಯಾವುದು ಅನ್ನೋದನ್ನು ಬೆಲೆ, ಕಾಗದ, ಊರಿನ ವಿಳಾಸ ಹೇಳುತ್ತವೆ.

ವಿಳಾಸದ ವಿಷಯದಲ್ಲಿ ನಮ್ಮ ಮೂರು ಜಿಲ್ಲೆಯವರು ಪುಣ್ಯವಂತರು. ನಮ್ಮಷ್ಟು ಸಲ ರಾಜ್ಯದ ಹೆಸರು ಬದಲಾದವರು ಕಡಿಮೆ. "ಜಮಖಂಡಿ ಸಂಸ್ಥಾನ", "ಮುಧೋಳ ಸಂಸ್ಥಾನ" ಅಂತ ಇದ್ದರೆ 1948ರೊಳಗಿನದು. ಮುಂಬಯಿ ರಾಜ್ಯ ಅಂತ ಇದ್ದರೆ 1956ರ ನವೆಂಬರ್ 1ಕ್ಕಿಂತ ಮೊದಲಿನದು. ಮೈಸೂರು ರಾಜ್ಯ ಅಂತ ಇದ್ದರೆ 1956ರಿಂದ 1973ರ ನಡುವಿನದು, ಆಮೇಲೆ ಕರ್ನಾಟಕ. "ಬಾಗಲಕೋಟ, ಜಿ. ವಿಜಾಪುರ" ಅಂತ ಇದ್ದರೆ 1997ಕ್ಕಿಂತ ಹಿಂದಿನದು, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದೇ ಆಗ. ಇಲ್ಲಿ ಒಂದು ಎಚ್ಚರಿಕೆ. ಬೆಳಗಾವಿ, ವಿಜಯಪುರ ಅನ್ನೋ ಹೆಸರು ಸರಕಾರಿ ಲೆಕ್ಕದಲ್ಲಿ ಬಂದದ್ದು 2014ರ ನವೆಂಬರ್ 1ಕ್ಕೆ, ನಿಜ. ಆದರೆ ಕನ್ನಡದಲ್ಲಿ ಬರೆಯುವವರು ಬೆಳಗಾವಿ ಅಂತ ಎಷ್ಟೋ ಮೊದಲಿಂದ ಬರೆಯುತ್ತಿದ್ದರು. ಹಾಗಾಗಿ ಹೆಸರಷ್ಟೇ ನೋಡಿ ಹೊಸ ಪುಸ್ತಕ ಅಂತ ಬದಿಗಿಡಬೇಡಿ. ಪಿನ್‌ಕೋಡ್ ಇದ್ದರೆ ಮಾತ್ರ ಸಂಶಯವೇ ಬೇಡ, 1972ರ ಆಗಸ್ಟ್ 15ರ ನಂತರದ್ದು.

ಬೆಲೆ ಬಹಳ ಸುಲಭ. "ರೂ. 1-4-0" ಅಂದರೆ ಒಂದು ರೂಪಾಯಿ ನಾಲ್ಕಾಣೆ, 1957ರ ಏಪ್ರಿಲ್‌ಗಿಂತ ಮೊದಲಿನದು. ನಯೇ ಪೈಸೆ ಅಂತ ಇದ್ದರೆ 1957ರಿಂದ 1964ರವರೆಗಿನದು. ಬೆಲೆಯ ಮೇಲೆ ರಬ್ಬರ್ ಸ್ಟ್ಯಾಂಪ್ ಹೊಡೆದಿದ್ದರೆ ಅದು ಅಂಗಡಿಯವರು ಉಳಿದ ಪ್ರತಿಗೆ ಹಾಕಿದ ಹೊಸ ಬೆಲೆ, ಕೆಳಗಿನ ಮೂಲ ಬೆಲೆ ನೋಡಿ.

ಇಷ್ಟೂ ಇಲ್ಲದಿದ್ದರೆ? ಹಿಂದೆಮುಂದೆ ಪುಟ ಹರಿದಿದ್ದರೆ? ಆಗ ಬೆರಳಿನಿಂದ ನೋಡಬೇಕು. ಒಂದು ಪುಟದ ಹಿಂಬದಿಯನ್ನು ಮೆಲ್ಲಗೆ ಸವರಿ. ಅಕ್ಷರ ಉಬ್ಬಿದ ಹಾಗೆ ತಾಗಿದರೆ ಮೊಳೆಯಚ್ಚು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಮಸಿ ಹಚ್ಚಿ ಕಾಗದಕ್ಕೆ ಒತ್ತಿದ್ದರ ಗುರುತು ಅದು. ಬೆಳಕನ್ನು ಪಕ್ಕದಿಂದ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಒಂದು ಅಕ್ಷರ ತಲೆಕೆಳಗಾಗಿದ್ದರೆ ಅಥವಾ ಸಾಲಿನ ಮಧ್ಯೆ ಬೇರೆ ಅಳತೆಯ ಅಕ್ಷರ ನುಸುಳಿದ್ದರೆ ಖಾತ್ರಿ. ಒತ್ತಕ್ಷರ ನೋಡಿ, ಮೇಲಿನ ಅಕ್ಷರದಿಂದ ಜಾರಿ ಪಕ್ಕಕ್ಕೆ ಸರಿದು ಕೂತಿರುತ್ತದೆ. ಕಾಗುಣಿತ, ಒತ್ತು ಎಲ್ಲ ಸೇರಿ ಕನ್ನಡಕ್ಕೆ ಎಷ್ಟು ಬಗೆಯ ಮೊಳೆ ಬೇಕಿತ್ತು ಯೋಚಿಸಿ, ಕಂಪೋಸಿಟರ್‌ನ ಕಣ್ಣು, ಸೊಂಟ ಎರಡೂ ಹೋಗುವ ಕೆಲಸ ಅದು.

ಕನ್ನಡಕ್ಕೆ ಅಚ್ಚು ತಡವಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಜರ್ಮನಿಯ ಮೈಂಜ್‌ನಲ್ಲಿ ಗುಟನ್‌ಬರ್ಗ್ ಮೊಳೆ ಜೋಡಿಸಿ ಬೈಬಲ್ ಅಚ್ಚು ಹಾಕಿದ್ದು 1450ರ ದಶಕದಲ್ಲಿ. ಗೋವಾಕ್ಕೆ ಯಂತ್ರ ಬಂದದ್ದು 1556ರಲ್ಲಿ, ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾ. ಆದರೂ ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ, ಅದೂ ಬಂಗಾಲದ ಶ್ರೀರಾಂಪುರದಲ್ಲಿ! ಪಾದ್ರಿಗಳಿಗೆ ಬೇಕಾದ ಪುಸ್ತಕ ಮೊದಲು ಬಂದವು, ನಮ್ಮವರಿಗೆ ಬೇಕಾದವು ಆಮೇಲೆ.

ಉಬ್ಬು ಇಲ್ಲ, ಅಕ್ಷರ ಕೈಬರಹದ ಹಾಗಿದೆ, ಒಂದು "ಕ" ಇನ್ನೊಂದರ ಹಾಗಿಲ್ಲ ಅಂದರೆ ಕಲ್ಲಚ್ಚು. ನುಣ್ಣಗಿನ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಕಲ್ಲಿಗೆ ನೀರು ಹಚ್ಚಿ, ಆಮೇಲೆ ಎಣ್ಣೆ ಮಸಿ ಉರುಳಿಸುತ್ತಿದ್ದರು. ನೀರಿದ್ದಲ್ಲಿ ಮಸಿ ನಿಲ್ಲುವುದಿಲ್ಲ, ಜಿಡ್ಡಿದ್ದಲ್ಲಿ ನಿಲ್ಲುತ್ತದೆ. ಮೊಳೆಯೇ ಬೇಡ, ಹಾಗಾಗಿ ಯಾವ ಲಿಪಿಯಾದರೂ ನಡೆಯುತ್ತಿತ್ತು. ಕನ್ನಡದ ಮೊದಲ ಪತ್ರಿಕೆ ಮಂಗಳೂರು ಸಮಾಚಾರ 1843ರಲ್ಲಿ ಬಂದದ್ದೂ ಕಲ್ಲಚ್ಚಿನಲ್ಲೇ. ಕನ್ನಡ ಕಲ್ಲಚ್ಚಿನ ಪುಸ್ತಕ ಕೈಗೆ ಸಿಕ್ಕರೆ ರದ್ದಿಯವನಿಗೆ ತೋರಿಸಲೂ ಬೇಡಿ.

ಮೂರನೆಯದು ಆಫ್‌ಸೆಟ್, ಅಂದರೆ ತಗಡಿನಿಂದ ರಬ್ಬರಿಗೆ, ರಬ್ಬರಿನಿಂದ ಕಾಗದಕ್ಕೆ ಮಸಿ ಇಳಿಸುವ ಅಚ್ಚು. ಹಿಂಬದಿ ನಯ, ಫೋಟೋ ಇದ್ದರೆ ಭೂತಗನ್ನಡಿಯಲ್ಲಿ ಚುಕ್ಕೆ ಚುಕ್ಕೆ. ಮೋಸ ಹೋಗುವುದು ಇಲ್ಲೇ ಜಾಸ್ತಿ: ಹಳೆ ಪುಸ್ತಕವನ್ನು ಫೋಟೋ ತೆಗೆದು ಮರುಮುದ್ರಣ ಮಾಡಿದಾಗ ಅಕ್ಷರ ಮೊಳೆಯದ್ದೇ ಕಾಣುತ್ತದೆ, ಬೆರಳಿಗೆ ಮಾತ್ರ ಉಬ್ಬು ಸಿಗುವುದಿಲ್ಲ. ಇನ್ನು ಮೊಳೆಯಚ್ಚು ಅಂದ ಮಾತ್ರಕ್ಕೆ ಬಹಳ ಹಳೆಯದು ಅಂತಲೂ ಅಲ್ಲ. ನಮ್ಮ ಊರುಗಳ ಟ್ರೆಡಲ್ (ಕಾಲಲ್ಲಿ ತುಳಿದು ನಡೆಸುವ) ಪ್ರೆಸ್‌ಗಳಲ್ಲಿ ಬಿಲ್ ಬುಕ್ಕು, ಲಗ್ನಪತ್ರಿಕೆ ಎಲ್ಲ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವುದು, ಬರುವವರೆಗೂ ಮೊಳೆಯಲ್ಲೇ ಆಗುತ್ತಿದ್ದವು.

ಪ್ರೆಸ್ಸಿನ ಹೆಸರಷ್ಟೇ ಸಿಕ್ಕರೂ ಕಾಲ ಹಿಡಿಯಬಹುದು. ಫ.ಗು. ಹಳಕಟ್ಟಿಯವರ ಪುಸ್ತಕವನ್ನೇ ತೆಗೆದುಕೊಳ್ಳಿ. ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆ ಅಲೆದು ತಾಡೋಲೆ ಕಟ್ಟು ಕೂಡಿಸಿದರು. ವಚನಶಾಸ್ತ್ರಸಾರದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಆಮೇಲೆ ಬೇರೆಯವರ ಪ್ರೆಸ್ ನೆಚ್ಚಿಕೊಂಡರೆ ಆಗೋದಲ್ಲ ಅಂತ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರುಮಾಡಿದರು. ಅಂದರೆ ಹಿತಚಿಂತಕದ ಹೆಸರಿರುವ ಪುಸ್ತಕ 1925ಕ್ಕಿಂತ ಮೊದಲಿನದಾಗಲು ಸಾಧ್ಯವಿಲ್ಲ. ಅದುವರೆಗೆ ಎಷ್ಟೋ ಮನೆಗಳಲ್ಲಿ ವಚನದ ಕಟ್ಟಿಗೆ ದೇವರ ಜಗಲಿಯ ಮೇಲೆ ವಿಭೂತಿ ಹಚ್ಚಿ ಪೂಜೆ ಆಗುತ್ತಿತ್ತು, ಬಿಚ್ಚಿ ಓದುವವರು ಕಡಿಮೆ. ಅಚ್ಚಾದ ಮೇಲೆ ಅದೇ ವಚನವನ್ನು ಶಾಲೆ ಮಾಸ್ತರರೂ ಓದಿದರು, ಭಾಷಣ ಮಾಡುವವರೂ ಎತ್ತಿ ಹೇಳಿದರು, ಒಪ್ಪದವರು ವಾದಕ್ಕೂ ಬಂದರು. ಅಚ್ಚು ಸಮಾಜಕ್ಕೆ ಏನು ಮಾಡಿತು ಅಂತ ಕೇಳಿದರೆ ನಾನು ಯುರೋಪಿನ ಕಥೆಗಿಂತ ಮೊದಲು ಇದನ್ನೇ ಹೇಳುತ್ತೇನೆ.

ಅದಕ್ಕೇ ಕೊನೆಯ ಪುಟಗಳನ್ನು ಬಿಡಬೇಡಿ. ಎಷ್ಟೋ ಹಳೆ ಪುಸ್ತಕಗಳ ಹಿಂದೆ ಚಂದಾದಾರರ, ದಾನಿಗಳ ಪಟ್ಟಿ ಇರುತ್ತದೆ. ಯಾವ ಹಳ್ಳಿ, ಯಾವ ಕಸುಬು, ಹೆಣ್ಣುಮಕ್ಕಳ ಹೆಸರು ಎಷ್ಟು, ಎಲ್ಲ ಅಲ್ಲಿದೆ. ರಟ್ಟಿನ ಒಳಗೆ ಅಂಟಿಸಿದ ಹಳೆ ಪೇಪರಿನ ತಾರೀಖು ನೋಡಿ ಮಾತ್ರ ಪುಸ್ತಕದ ವಯಸ್ಸು ಹೇಳಬೇಡಿ, ಅದು ಬೈಂಡಿಂಗ್ ಆದ ಕಾಲ.

ಸಿಕ್ಕದ್ದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಸೆಲೋಟೇಪ್ ಅಂತೂ ಬೇಡವೇ ಬೇಡ, ಕೆಲವೇ ವರ್ಷದಲ್ಲಿ ಕಂದು ಕಲೆ ಬಿಟ್ಟು ಅಕ್ಷರ ತಿನ್ನುತ್ತದೆ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಆಮ್ಲ ಇರುತ್ತದೆ, ಹಪ್ಪಳದ ಹಾಗೆ ಮುರಿಯುತ್ತದೆ, ಅದಕ್ಕೆ ಪೂರ್ತಿ ಬಿಚ್ಚಿ ಝೆರಾಕ್ಸ್ ಯಂತ್ರದ ಮೇಲೆ ಅದುಮಬೇಡಿ. ಅರ್ಧ ತೆರೆದು, ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆಯಿರಿ. ಅಂತರ್ಜಾಲದಲ್ಲಿ ಹಾಕುವ ಆಸೆಯಿದ್ದರೆ ಹಕ್ಕು ನೋಡಿಕೊಳ್ಳಿ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ, ಅವರ ಬರಹ 2025ರಿಂದ ಎಲ್ಲರಿಗೂ ಮುಕ್ತ.

ಕೊನೆಗೆ ಒಂದು ಚೀಟಿ ಮಾಡಿ. ಪುಸ್ತಕದ ಹೆಸರು, ಮುದ್ರಕರ ಸಾಲು ಇದ್ದದ್ದು ಇದ್ದ ಹಾಗೆ, ಅಚ್ಚಿನ ಬಗೆ, ನೀವು ಹಾಕಿದ ಅಂದಾಜು ಇಸವಿ ಮತ್ತು ಯಾಕೆ ಹಾಗನ್ನಿಸಿತು, ಯಾವ ಊರಿನ ಯಾರ ಮನೆಯಲ್ಲಿ ಸಿಕ್ಕಿತು. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಪುಸ್ತಕದ ಜೊತೆ ಇಡಿ. ಪಿನ್ ಮಾತ್ರ ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ.